ಬೆಂಚಿನ ಮೇಲೆ ಒಂದಕ್ಷರ

ಕೇಳಿಸದೆಯೂ ಹೂಂ ಅಂದಿರಬಹುದಲ್ಲ. ದಿನಕ್ಕೆ ಎಷ್ಟು ಸಲ ಹಾಗೆ ಅನ್ನುವುದಿಲ್ಲ ತಾನು. ಕಾಲೇಜಿನ ಲೈಬ್ರರಿಯಲ್ಲಿ ಹುಡುಗಿಯೊಬ್ಬಳು ಕೌಂಟರಿನಾಚೆಯಿಂದ ಏನೋ ಕೇಳುತ್ತಾಳೆ, ಹೂಂ. ಹೆಂಡತಿ ಹೇಮಲತಾ ಒಗ್ಗರಣೆಯ ಸದ್ದಿನ ನಡುವೆ ಏನೋ ಹೇಳುತ್ತಾಳೆ, ಹೂಂ. ಈ ವರ್ಷವೂ ಹೊಸ ಪುಸ್ತಕ ತರಿಸೋದು ಬೇಡ ಕಣ್ರೀ ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅನ್ನುತ್ತಾರೆ, ಅದಕ್ಕೂ ಹೂಂ. ಅದು ಒಪ್ಪಿಗೆಯಲ್ಲ, ಉತ್ತರವೂ ಅಲ್ಲ, ಎದುರಿನವರ ಮಾತು ಬೇಗ ಮುಗಿಯಲಿ ಎಂದು ಬಿಡುವ ಉಸಿರು. ಗುರುವಾರ ಯೋಗನರಸಿಂಹ ಮೇಷ್ಟ್ರು ಫೋನ್ ಮಾಡಿದಾಗ ಬಾಯಿಂದ ಬಿದ್ದದ್ದೂ ಅಂಥದ್ದೇ ಇರಬೇಕು. ಇರಬೇಕು ಎಂದು ಇಂದುಧರ ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಈಗ ಹಾಲಿನ ಪ್ಯಾಕೆಟ್ ಹಿಡಿದು ಗೇಟಿನ ಬಳಿ ನಿಂತು ಮತ್ತೊಮ್ಮೆ ಹೇಳಿಕೊಂಡ. ರಸ್ತೆಯಾಚೆ, ಹೊಸದಾಗಿ ಹಸಿರು ಬಣ್ಣ ಬಳಿದ ಕಂಬಿಬೇಲಿಯ ಹಿಂದೆ, ಹೊಸ ಪಾರ್ಕಿನ ಸಿಮೆಂಟಿನ ಬೆಂಚುಗಳು ಮಂಜಿನಲ್ಲಿ ಒದ್ದೆಯಾಗಿ ಕೂತಿದ್ದವು. ಅವನು ಕೊಡಿಸಿದ್ದು ಮೂಲೆಯಲ್ಲಿ, ಹೊಂಗೆ ಸಸಿಯ ಪಕ್ಕದ್ದು. ನಿನ್ನೆ ಸಂಜೆ ಟ್ರ್ಯಾಕ್ಟರಿನಿಂದ ಅದನ್ನು ಇಳಿಸುವಾಗಲೇ ಬೆನ್ನಿನ ಹಲಗೆಯ ಮೇಲೆ ಕೊರೆದು ಕಪ್ಪು ತುಂಬಿದ್ದ ಅಕ್ಷರಗಳನ್ನು ಅವನು ಓದಿದ್ದ. 'ಲಿಂ. ಮಹದೇವಮ್ಮನವರ ಸ್ಮರಣಾರ್ಥ.' ಒಳಗಿನ ಕೋಣೆಯಲ್ಲಿ ಅಮ್ಮ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಕಾದು, "ಇಂದೂ, ಹಾಲು ಬಂತೇನ್ಲಾ?" ಅಂದಳು.

ಲಿಂಗೈಕ್ಯ ಅನ್ನುವುದನ್ನು ಕಲ್ಲಿನ ಮೇಲೆ ಹೀಗೆ ಒಂದಕ್ಷರಕ್ಕೆ ಇಳಿಸುತ್ತಾರೆ. ಗೋಡೆಯ ಮೇಲಿನ ಅಪ್ಪನ ಫೋಟೋದ ಕೆಳಗೂ ಅದೇ ಅಕ್ಷರವಿದೆ. ಮೇಷ್ಟ್ರಿಗೆ ಇಂಥದ್ದರಲ್ಲಿ ಬಹಳ ಎಚ್ಚರ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಪಾರ್ಕಿನ ಸಮಿತಿಯಲ್ಲಿ ಅಕ್ಷರದ ಕೆಲಸವನ್ನೆಲ್ಲ ತಾವಾಗಿ ವಹಿಸಿಕೊಂಡಿದ್ದರು. ಗುರುವಾರ ಸಂಜೆ ಇಂದುಧರ ಅಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಹತ್ತಿದ ಹಾಗಿತ್ತು. ಮಂಚದ ಮೇಲಿದ್ದ ಫೋನು ಬಡಿದುಕೊಂಡಾಗ, ಕೈಯೆಲ್ಲ ಎಣ್ಣೆ, ಕಿರುಬೆರಳಿನಿಂದ ಸ್ಪೀಕರ್ ಒತ್ತಿದ. "ಇಂದುಧರ್, ಬೆಂಚು ಮಾಡೋರ ಹತ್ರ ಇದೀನಿ. ಒಂದು ಸೂಕ್ಷ್ಮ ವಿಚಾರ," ಅಂದರು ಮೇಷ್ಟ್ರು. ಅವರ ಹಿಂದೆ ಕಲ್ಲು ಕೊಯ್ಯುವ ಯಂತ್ರ ಕೂಗುತ್ತಿತ್ತು. "ಉಳಿದ ಬೆಂಚುಗಳಿಗೆಲ್ಲ 'ದಿವಂಗತ' ಅಂತ ಹಾಕಿಸ್ತಿದೀನಿ. ನಿಮ್ಮ ಪೈಕಿ ಹಾಗೆ ಹಾಕೋದಿಲ್ಲ ಅಲ್ವೇ. ತಾಯಿಯವರ ಹೆಸರಿಗೆ 'ಲಿಂ.' ಅಂತ ಹಾಕಿಸಿಬಿಡಲಾ?" ಯಂತ್ರ ಆಗಲೂ ಕೂಗುತ್ತಿತ್ತೋ, ನಿಂತಿತ್ತೋ. ಅವನ ಹೆಬ್ಬೆರಳು ಅಮ್ಮನ ಮೊಣಕಾಲಿನ ಕೆಳಗೆ, ಮೂಳೆ ಕೂಡಿಕೊಂಡ ಕಡೆ ಗಟ್ಟಿಯಾಗಿ ನಿಂತಿದ್ದ ಉಬ್ಬಿನ ಮೇಲಿತ್ತು. "ಹೂಂ," ಅಂದ. ಆಚೆಯಿಂದ "ತಿಳಿಯಲೇ ಇಲ್ಲ ನೋಡಿ" ಅಂತಲೋ ಏನೋ ಬಂದು ಫೋನು ಕಟ್ಟಾಯಿತು. ಅವನು ಮತ್ತೆ ಎಣ್ಣೆ ಬಟ್ಟಲಿಗೆ ಕೈ ಅದ್ದಿದ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ, ಗೋಡೆಯ ಕಡೆಯಿಂದಲೇ, "ಯಾರ್ದ್ಲಾ ಫೋನು?" ಅಂದಳು. "ಮೇಷ್ಟ್ರದ್ದು. ಹೆಸರು ಸರಿಯಾಗಿದೆಯಾ ಅಂತ ಕೇಳಿದ್ರು." ಅವಳು ಎಣ್ಣೆಯ ಕಾಲನ್ನು ಮೆಲ್ಲಗೆ ಎಳೆದುಕೊಂಡಳು.

ಮೇಷ್ಟ್ರದ್ದೂ ತಪ್ಪಿಲ್ಲ. ಅಮ್ಮ ಬಚ್ಚಲಿನಲ್ಲಿ ಬಿದ್ದ ದಿನ ಹಾಸನದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಸೈರನ್ ಕೂಗಿಸಿಕೊಂಡು ಹೋದದ್ದನ್ನು ಇಡೀ ಬಡಾವಣೆ ಬಾಗಿಲಿಗೆ ಬಂದು ನೋಡಿತ್ತು. ಒಂದು ಮಳೆಯ ಮಧ್ಯಾಹ್ನ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ವಾಪಸು ಬಂದದ್ದನ್ನು ಯಾರೂ ನೋಡಲಿಲ್ಲ. ಆಮೇಲೆ ಅವಳು ಹೊರಗೆ ಕಾಲಿಡಲಿಲ್ಲ. ಅದಕ್ಕೆ ಮುಂಚೆ ಅವಳನ್ನು ಜನ ನೋಡುತ್ತಿದ್ದದ್ದೆಂದರೆ ಈಗ ಪಾರ್ಕಾಗಿರುವ ಇದೇ ಜಾಗದಲ್ಲಿ. ಆಗ ಇದಕ್ಕೆ ಖಾಲಿ ಜಾಗ ಅಂತಲೇ ಹೆಸರು. ಖಾಲಿ ಅಂತೇನೂ ಇರಲಿಲ್ಲ. ಎದೆಯೆತ್ತರ ಕಾಂಗ್ರೆಸ್ ಗಿಡ, ಮನೆ ಕಟ್ಟಿಸಿದವರು ಸುರಿದ ಇಟ್ಟಿಗೆ ಚೂರು, ಕೊಬ್ಬರಿ ಮಂಡಿಗಳಿಂದ ಆಟೋದಲ್ಲಿ ತಂದು ಸುರಿದ ತೆಂಗಿನ ಮಟ್ಟೆ, ಒಂದು ಮೂಲೆಯಲ್ಲಿ ಎಲ್ಲರ ಮನೆಯ ಕಸ ಕೂಡಿ ಎದ್ದ ತಿಪ್ಪೆ. ದೀಪಾವಳಿಯ ಸಂಜೆ ಅಮ್ಮ ಸಗಣಿಯ ಉಂಡೆಗೆ ಹುಚ್ಚೆಳ್ಳು ಹೂ ಸಿಕ್ಕಿಸಿಕೊಂಡು, ಮಣ್ಣಿನ ಹಣತೆಗೆ ಸೆರಗು ಅಡ್ಡ ಹಿಡಿದು ರಸ್ತೆ ದಾಟಿ ಆ ತಿಪ್ಪೆಯ ಮೇಲೆ ದೀಪವಿಟ್ಟು ಕೈ ಮುಗಿಯುತ್ತಿದ್ದಳು. ತಮ್ಮೂರು ಕಣಕಟ್ಟೆಯಲ್ಲಿ ಹಟ್ಟಿಯ ಹಿಂದಿನ ಗೊಬ್ಬರದ ತಿಪ್ಪೆಗೆ ಇಡುತ್ತಿದ್ದ ದೀಪ. ಇಲ್ಲಿ ಪ್ಲಾಸ್ಟಿಕ್ ಕವರು, ಬಳಸಿ ಬಿಸಾಕಿದ ಡಯಾಪರು, ಅದರ ಮೇಲೆ ದೀಪ. ಪಕ್ಕದ ಮನೆಯವರು ಮಹಡಿಯ ಮೇಲಿಂದ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡಿದ್ದರು. ಇಂದುಧರ ಬಾಗಿಲ ಹಿಂದೆ ನಿಂತು, ಬೇಗ ಬಂದುಬಿಡಲಿ ಎಂದು ಬೇಡಿಕೊಂಡಿದ್ದ. ಅವಳು ಬಂದವಳು, "ತಿಪ್ಪೆ ಅಂದ್ರೆ ಎಲ್ಲಾ ಒಂದೇ ಕಣೋ. ಅದುಕ್ಕೇನ್ ಗೊತ್ತು ನಾವ್ ಏನ್ ತಿಂದು ಬಿಸಾಕಿದೀವಿ ಅಂತ," ಅಂದಿದ್ದಳು.

ಹಾಲು ಕಾಯಿಸಿ ಕೊಟ್ಟು ಅವನು ರಸ್ತೆ ದಾಟಿ ಹೋದ. ಸಂಜೆ ಉದ್ಘಾಟನೆ. ಸಮಿತಿಯ ಅಧ್ಯಕ್ಷ ಚನ್ನಬಸವಯ್ಯ ಆಗಲೇ ಬಂದು ಬಾಳೆಕಂದು ಕಟ್ಟಿಸುತ್ತಿದ್ದ. ಮಂಡಿ ವ್ಯಾಪಾರಿ; ದೊಡ್ಡ ದನಿ, ಕೊಬ್ಬರಿ ಹರಾಜಿನಲ್ಲಿ ಕೂಗಿ ಕೂಗಿ ಒಡೆದದ್ದು. ಈ ಜಾಗದಲ್ಲಿದ್ದ ಮಟ್ಟೆಯಲ್ಲಿ ಅರ್ಧ ಅವನ ಮಂಡಿಯದೇ ಎಂದು ಎಲ್ಲರಿಗೂ ಗೊತ್ತಿದ್ದರೂ ಅದನ್ನು ಎತ್ತಿಸಿ, ಮಣ್ಣು ಹೊಡೆಸಿ, ಹೊಂಗೆ ನೇರಳೆ ನೆಡಿಸಿದವನೂ ಅವನೇ. "ಬನ್ನಿ ಸಾರ್, ಬನ್ನಿ," ಎಂದು ಇಂದುಧರನ ಹೆಗಲ ಮೇಲೆ ಕೈ ಹಾಕಿ ಮೂಲೆಯ ಬೆಂಚಿನ ಹತ್ತಿರ ನಡೆಸಿಕೊಂಡು ಹೋದ. "ಏನ್ ಸಾರ್ ನೀವು. ಅಮ್ಮಾರು ಹೋಗಿದ್ದು ನಮ್ಗೊಂದು ಮಾತು ಹೇಳ್ಬಾರ್ದಾ? ಬೆಂಚು ನೋಡಿ ತಿಳ್ಕಬೇಕಾ? ಹನ್ನೊಂದನೇ ದಿನದ ಊಟುಕ್ಕೂ ಕರೀಲಿಲ್ಲ. ಈ ಹೊಟ್ಟೆ ನೋಡಿ ಹೆದ್ರುಕೊಂಡ್ರಾ?" ತನ್ನ ಹೊಟ್ಟೆಯನ್ನು ತಾನೇ ತಟ್ಟಿಕೊಂಡ. ಇಲ್ಲ, ಹಾಗಲ್ಲ, ಅವರು ಇದ್ದಾರೆ, ಈಗ ತಾನೇ ಹಾಲು ಕುಡಿದರು. ಇಷ್ಟು ಮಾತು ಇಂದುಧರನ ನಾಲಿಗೆಯ ಮೇಲೆ ಜೋಡಿಸಿಕೊಂಡಿತ್ತು. ಅದನ್ನು ಬಿಟ್ಟರೆ ಮುಂದಿನ ಪ್ರಶ್ನೆ ಬರುತ್ತದೆ: ಮತ್ತೆ ಮೇಷ್ಟ್ರಿಗೆ ಹಾಗೆ ಹೇಳಿದ್ದು ಯಾಕೆ? ಅವನು ಬಾಯಿ ತೆರೆಯುವಷ್ಟರಲ್ಲಿ ಚನ್ನಬಸವಯ್ಯನೇ, "ಮಠದಲ್ಲೇ ಸಣ್ಣದಾಗಿ ಮುಗಿಸಿದ್ರಾ?" ಅಂದ. "ಹೂಂ." "ಒಳ್ಳೇದಾಯ್ತು ಬಿಡಿ. ಕಣಕಟ್ಟೇಲಿ, ತೋಟದಲ್ಲಾ ಮಣ್ಣು ಮಾಡಿದ್ದು? ನಿಮ್ ತಂದೆ ಪಕ್ದಲ್ಲೇ?" "ಹೂಂ." "ಅದೇ ಸರಿ. ನರಳ್ದಂಗೆ ಹೋದ್ರಾ?" ಇದಕ್ಕೆ ಅವನು ಹೂಂ ಅನ್ನಲಿಲ್ಲ. ಚನ್ನಬಸವಯ್ಯ ಅವನ ಮುಖ ನೋಡಿ, ದುಃಖ ಇನ್ನೂ ಹಸಿ ಎಂದುಕೊಂಡು, ಹೆಗಲು ಅದುಮಿ ಬಾಳೆಕಂದಿನ ಕಡೆ ಹೋದ. ಎಷ್ಟು ಸುಲಭ ಅನ್ನಿಸಿತು. ತಾನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಬೇರೆಯವರೇ ಅವಳನ್ನು ಸಾಯಿಸಿ, ಹೊತ್ತುಕೊಂಡು ಹೋಗಿ, ಅಪ್ಪನ ಪಕ್ಕ ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಎಳೆದು, ಊಟ ಹಾಕಿ ಮುಗಿಸಿದ್ದರು. ಅವನು ದಾರಿ ಬಿಟ್ಟು ನಿಂತಿದ್ದ, ಅಷ್ಟೇ. ಆ ಮೆರವಣಿಗೆಯ ಹಿಂದೆ ಮನಸ್ಸಿನಲ್ಲೇ ಮನೆಗೆ ಬಂದರೆ ಒಳಕೋಣೆಯ ಕಿಟಕಿ ತೆರೆದಿತ್ತು, ಹಾಸಿಗೆ ಸುತ್ತಿಟ್ಟಿತ್ತು, ಡೆಟಾಲಿನ ವಾಸನೆ ಇರಲಿಲ್ಲ, ಹೇಮಲತಾ ಹಗಲಿನಲ್ಲಿ ನಿದ್ದೆ ಮಾಡುತ್ತಿದ್ದಳು. ಅವನು ಬೆಚ್ಚಿ ಬೆಂಚಿನ ಮೇಲಿಟ್ಟಿದ್ದ ಕೈ ತೆಗೆದ. ಸಿಮೆಂಟು ತಣ್ಣಗಿತ್ತು.

ಮನೆಯಲ್ಲಿ ಹೇಮಲತಾ ಅಮ್ಮನ ತಲೆ ಬಾಚುತ್ತಿದ್ದಳು. ಬೆಂಚು ಬೇಕೆಂದದ್ದು ಅಮ್ಮನೇ. ಕಿಟಕಿಯಿಂದ ಕೆಲಸದ ಸದ್ದು ಕೇಳುತ್ತ ಮಲಗಿದವಳು ಒಂದು ದಿನ, "ಅಲ್ಲಿ ಕೂತ್ಕಳಕ್ಕೆ ಒಂದು ಜಾಗ ಮಾಡ್ಸು ಇಂದೂ. ಒಂದ್ಸಲಿ ಹೋಗಿ ಕೂತ್ಕಂಡು ಬತ್ತೀನಿ," ಅಂದಿದ್ದಳು. ಸಮಿತಿಯ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಅಪ್ಪನ ಹೆಸರಲ್ಲಿ ಒಂದು, ಅಣ್ಣನ ಹೆಸರಲ್ಲಿ ಒಂದು ಅನ್ನುತ್ತಿದ್ದಾಗ ಅವನೂ, "ನಮ್ಮಮ್ಮನ ಹೆಸರಲ್ಲಿ ಒಂದು," ಅಂದು ಕೂತಿದ್ದ. ಮಿಕ್ಕವರೆಲ್ಲ ಸತ್ತವರು ಎಂದು ಆಗ ಹೊಳೆಯಲಿಲ್ಲ. "ಸಂಜೆ ನೀಲಿ ಸೀರೆ ಉಡ್ಸೇ ಹೇಮಾ," ಅನ್ನುತ್ತಿದ್ದಳು ಅಮ್ಮ. "ಸಂಜೆ ಬೇಡಮ್ಮ," ಅಂದ ಇಂದುಧರ. "ಜನ ಇರ್ತಾರೆ, ಮೈಕು, ಗಲಾಟೆ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ." ಹೇಮಲತಾ ಬಾಚಣಿಗೆ ನಿಲ್ಲಿಸಿ, "ನಾಳೆ ನಿಮಗೆ ಕಾಲೇಜಿಲ್ವಾ? ಕಾಯ್ಕೊಂಡು ಕೂತಿದಾರೆ ಪಾಪ," ಅಂದಳು. "ಹೇಳಿದೆನಲ್ಲ," ಎಂದ, ಬೇಕಾದ್ದಕ್ಕಿಂತ ಜೋರಾಗಿ. ಅಮ್ಮ ಅವನನ್ನು ನೋಡಿದಳು. ಅವಳ ಕಣ್ಣು ಈಗಲೂ ಚೆನ್ನಾಗಿತ್ತು. ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದರೂ ಸಿಕ್ಕಿದ ಅಕ್ಷರವನ್ನು ಬಿಡುವವಳಲ್ಲ. ಬಿಸ್ಕತ್ತಿನ ಕಾಗದ, ಔಷಧಿ ಡಬ್ಬಿ, ಬಸ್ಸಿನ ಹಲಗೆ, ಎಲ್ಲವನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಬೇಕು. ಅವನ ಚಿಕ್ಕಂದಿನಲ್ಲಿ ಹಳೇಬೀಡಿಗೆ ಹೋದಾಗಲೂ ಗೊಂಬೆಗಳಿಗಿಂತ ಕಲ್ಲಿನ ಮೇಲಿನ ಹಳಗನ್ನಡದ ಮುಂದೆ ನಿಂತು ತಡಕಾಡಿದ್ದಳು. ಆಮೇಲೆ ಬಸ್ತಿಹಳ್ಳಿಯ ಬಸದಿಯಲ್ಲಿ ಒಂದು ಕಂಬದ ಮುಂದೆ ಅವನನ್ನು ಎತ್ತಿ ಹಿಡಿದಿದ್ದಳು. ಕನ್ನಡಿಯ ಹಾಗೆ ನಯ ಮಾಡಿದ ಕರಿಕಲ್ಲು. "ನೋಡು, ಕಲ್ಲೊಳಗೆ ನೀನಿದೀಯ." ಅವನು ಕಂಡಿದ್ದ, ಉದ್ದ ಮುಖ, ಸೊಟ್ಟ ತಲೆ. ಆದರೆ ಎತ್ತಿಕೊಂಡ ಅವಳು ಕಲ್ಲಿನೊಳಗೆ ಕಾಣಿಸಲಿಲ್ಲ. ಅತ್ತುಬಿಟ್ಟಿದ್ದ. ಅವಳು ನಗುತ್ತ ಬಗ್ಗಿ ತನ್ನ ಕೆನ್ನೆಯನ್ನು ಅವನ ಕೆನ್ನೆಗೆ ತಾಗಿಸಿ, "ಇಲ್ಲೇ ಇದೀನಲ್ಲೋ, ಎಲ್ಲಿಗೆ ಹೋಗ್ಲಿ," ಅಂದಿದ್ದಳು. ಆ ಕೆನ್ನೆಯೇ ಇದು. ಇದನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ಒರೆಸುವಾಗ ಆಚೆ ನೋಡುತ್ತಾನೆ.

ಮಧ್ಯಾಹ್ನ ಊಟವಾದ ಮೇಲೆ ಗೋಡೆಯ ತೂತು ಮುಚ್ಚಲು ತಂದಿದ್ದ ಬಿಳಿ ಪುಟ್ಟಿಯನ್ನು ನೀರಲ್ಲಿ ಕಲಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಪಾರ್ಕಿಗೆ ಹೋದ. ಒಂದಕ್ಷರ, ಒಂದು ಸೊನ್ನೆ, ಒಂದು ಚುಕ್ಕೆ. ಬೆರಳಲ್ಲಿ ತುಂಬಿ ಸವರಿದರೆ ಮುಗಿಯಿತು. 'ಸ್ಮರಣಾರ್ಥ' ಉಳಿಯುತ್ತದೆ, ಉಳಿಯಲಿ, ಬದುಕಿರುವವರನ್ನು ಸ್ಮರಿಸಬಾರದು ಅಂತೇನಿದೆ. ಆದರೆ ಹೆಂಗಸರು ಕಾಲುದಾರಿಯುದ್ದಕ್ಕೂ ರಂಗೋಲಿ ಹಾಕುತ್ತಿದ್ದರು. ಅವನು ಅಕ್ಷರಕ್ಕೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತ. ಜೇಬಿನೊಳಗೆ ಪುಟ್ಟಿ ಸಣ್ಣಗೆ ಬಿಸಿಯಾಗುತ್ತಿತ್ತು. ಛತ್ರಿಯನ್ನು ಊರುಗೋಲಿನ ಹಾಗೆ ಊರಿಕೊಂಡು ಮೇಷ್ಟ್ರು ಬಂದರು. ಪಕ್ಕದಲ್ಲಿ ಕೂತು, "ಗೇಟಿನ ಬೋರ್ಡು ನೋಡಿದ್ರಾ?" ಅಂದರು. "'ಉದ್ಯಾನವನ' ಅಂತ ಬರ್ದಿದ್ದ. ಅಳಿಸು ಅಂದೆ. ಉದ್ಯಾನ ಅಂದ್ರೇ ವನ ಕಣಯ್ಯ, ವನಕ್ಕೆ ಇನ್ನೊಂದು ವನ ಯಾಕೆ ಅಂದೆ. ಚನ್ನಬಸವಯ್ಯನೋರು ಸಿಟ್ಟಾದ್ರು. ಮೇಷ್ಟ್ರೇ, ನಿಮ್ಮಿಂದ ಬಣ್ಣ ದಂಡ ಅಂತಾರೆ." ಅವರು ನಕ್ಕರು. ಬಾಯಿ ತುಂಬ ಹೊಸ ಹಲ್ಲುಸೆಟ್ಟು. "ಈ ಊರಲ್ಲಿ ತಪ್ಪಿಲ್ಲದ ಒಂದು ಬೋರ್ಡು ತೋರಿಸಿ ನೋಡೋಣ. ಇಲ್ಲಿ ಒಂದೂ ತಪ್ಪಿಲ್ಲ. ಎಲ್ಲ ಬೆಂಚನ್ನೂ ನಾನೇ ನಿಂತು ಬರೆಸಿದೀನಿ. ಮನೇಲಿ ನಾನು ಹೇಳೋದನ್ನ ಕೇಳೋರಿಲ್ಲ. ಇದಾದ್ರೂ ಸರಿಯಾಗಿ ಇರುತ್ತೆ, ನಾನು ಹೋದ ಮೇಲೂ." ಈಗ ಹೇಳಬೇಕು ಅಂದುಕೊಂಡ ಇಂದುಧರ. ಮೇಷ್ಟ್ರೇ ಅಂದರೆ ಸಾಕು, ಮಿಕ್ಕದ್ದು ತಾನೇ ಬರುತ್ತದೆ. ನೇರಳೆ ಸಸಿಗೆ ಯಾರೋ ಪೈಪಿನಲ್ಲಿ ನೀರು ಬಿಟ್ಟರು. ನೀರು ಪಾತಿ ತುಂಬಿ ಹೊರಗೆ ಹರಿದು ರಂಗೋಲಿಯ ಹತ್ತಿರ ಬರುತ್ತಿತ್ತು, ಹೆಂಗಸರು ಕೂಗಿಕೊಂಡರು. "ಅಲ್ವೇ?" ಅಂದರು ಮೇಷ್ಟ್ರು. "ಹೂಂ," ಅಂದ. ಅವರು ಎದ್ದು ಹೋದ ಮೇಲೆ ಕವರು ಬಿಚ್ಚಿ ನೋಡಿದ. ಪುಟ್ಟಿ ಅವನ ಮುಷ್ಟಿಯ ಆಕಾರದಲ್ಲಿ ಗಟ್ಟಿಯಾಗಿತ್ತು.

ಸಂಜೆ ನಗರಸಭೆಯ ಸದಸ್ಯರು ಟೇಪು ಕತ್ತರಿಸಿ, ಇನ್ನೊಂದು ಕಾರ್ಯಕ್ರಮವಿದೆ ಎಂದು ಹೊರಟುಹೋದರು. ಮೈಕಿನಲ್ಲಿ ಚನ್ನಬಸವಯ್ಯ ಬೆಂಚು ಕೊಟ್ಟವರ ಹೆಸರು ಓದುತ್ತಿದ್ದ. ಇಂದುಧರ ಮೂಲೆಯಲ್ಲಿ ತನ್ನ ಬೆಂಚಿಗೆ ಒರಗಿ, ಬೆನ್ನಿನಿಂದ ಆದಷ್ಟು ಮರೆ ಮಾಡಿ ನಿಂತಿದ್ದ. ಆಗ ಗೇಟಿನ ಹತ್ತಿರ ಜನ ಸರಿದು ದಾರಿ ಬಿಡುವುದು ಕಾಣಿಸಿತು. ಮೊದಲು ವಾಕರಿನ ನಾಲ್ಕು ಕಾಲು, ಆಮೇಲೆ ನೀಲಿ ಸೀರೆ, ಹಿಂದೆ ಒಂದು ಕೈ ಸೊಂಟಕ್ಕೆ ಕೊಟ್ಟ ಹೇಮಲತಾ. ವಾಕರು ಎತ್ತಿ ಇಡುವುದು, ನಿಲ್ಲುವುದು, ಉಸಿರು ಬಿಡುವುದು. ಕರೆದುಕೊಂಡು ಬಂದೇ ಬಿಟ್ಟೆ, ಏನು ಮಾಡುತ್ತೀರೋ ಮಾಡಿ ಅನ್ನುವ ಹಾಗೆ ಹೇಮಲತಾ ಅವನನ್ನೇ ನೋಡುತ್ತಿದ್ದಳು. ಮೈಕಿನ ದನಿ ಒಂದು ಹೆಸರಿನ ನಡುವೆ ನಿಂತುಹೋಯಿತು. ಅಮ್ಮ ರಂಗೋಲಿಯನ್ನು ಬಳಸಿ, ಸಸಿಗಳನ್ನು ಒಂದೊಂದಾಗಿ ನೋಡುತ್ತ ಬಂದಳು. "ತಿಪ್ಪೆ ಎತ್ತೇ ಬಿಟ್ರಲ್ಲಪ್ಪ," ಅಂದಳು ಯಾರಿಗೋ. "ಈ ಸಲ ದೀಪ ಎಲ್ಲಿಗಿಡ್ಲಿ?" ಬೆಂಚಿನ ಮುಂದೆ ನಿಂತು, "ಸರ್ಕೊಳೋ ಸ್ವಲ್ಪ," ಎಂದು ಅವನನ್ನು ಪಕ್ಕಕ್ಕೆ ತಳ್ಳಿ ಬೆರಳಿಟ್ಟಳು. "ಲಿಂ," ಅಂದಳು ಗಟ್ಟಿಯಾಗಿ. ಬೆರಳು ಅಲ್ಲೇ ನಿಂತಿತು. ಆಮೇಲೆ ಮುಂದೆ ಹೋಯಿತು. "ಮ. ಹ. ದೇ. ವ. ಮ್ಮ."

ಚನ್ನಬಸವಯ್ಯ ಮೈಕು ಬಿಟ್ಟು ಓಡಿ ಬಂದಿದ್ದ. ಅಮ್ಮನನ್ನು ನೋಡಿದ, ಬೆಂಚು ನೋಡಿದ, ಇಂದುಧರನನ್ನು ನೋಡಿದ. ಬೆಳಗಿನ ಒಂದೊಂದು ಮಾತೂ, ಮಠ, ಕಣಕಟ್ಟೆಯ ತೋಟ, ಅವನ ಕಣ್ಣಿನಲ್ಲಿ ಹಿಂದಕ್ಕೆ ಬರುತ್ತಿದ್ದದ್ದು ಕಾಣಿಸಿತು. ತಾಯಿಯ ಎದುರಿಗೆ ಮಗನನ್ನು ಆ ಮಾತು ಕೇಳುವುದು ಅವನಿಂದಲೂ ಆಗಲಿಲ್ಲ. ಕಣ್ಣು ತಿರುಗಿಸಿ, ಗುಂಪಿನ ಹಿಂದೆ ಛತ್ರಿ ಹಿಡಿದು ನಿಂತಿದ್ದವರನ್ನು ಹುಡುಕಿ ಹಿಡಿದ. "ಏನ್ ಮೇಷ್ಟ್ರೇ! ವನಕ್ಕೆ ವನ ಯಾಕೆ ಅಂತ ನಮ್ಗೆ ಪಾಠ ಹೇಳಿದ್ರಿ. ಜೀವಂತ ಇರೋರ್ಗೆ ಟಿಕೆಟ್ ಕೊಟ್ಬಿಟ್ರಲ್ರೀ!" ಎಲ್ಲರೂ ನಕ್ಕರು. ಬಿಗಿ ಹಿಡಿದಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟ ಹಾಗೆ ನಕ್ಕರು. ಯಾರೋ ಮೊಬೈಲು ಎತ್ತಿ ಹಿಡಿದರು. ಮೇಷ್ಟ್ರು ಮುಂದೆ ಬಂದರು. ಮುಖ ಬಿಳಿಚಿಕೊಂಡಿತ್ತು. ಅಮ್ಮನ ಮುಂದೆ ಬಗ್ಗಿ, "ತಾಯಿ, ಕ್ಷಮಿಸಬೇಕು. ನನ್ನದೇ ತಪ್ಪು," ಅಂದರು. ಹಲ್ಲುಸೆಟ್ಟು ಸಡಿಲವಾಗಿ ಮಾತು ತೊದಲಿತು. "ಅಲ್ಲಿ ಮಿಷನ್ ಸದ್ದು. ನಾನು ಏನೋ ಕೇಳಿಸ್ಕೊಂಡೆ. ಇಂದುಧರ್, ನೀವು ಊಹೂಂ ಅಂದಿರಬೇಕು. ನನಗೆ ಹೂಂ ಅಂತ ಕೇಳಿಸ್ತು. ಹಾಗೇ ಆಗಿದ್ದು ಅಲ್ವೇ?" ಅವರು ತಲೆಯೆತ್ತಿ ಅವನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಆರೋಪವಿರಲಿಲ್ಲ. ಒಂದು ತಪ್ಪು ಹೇಗಾಯಿತು ಎಂದು ತಿಳಿದುಕೊಳ್ಳುವ ಮೇಷ್ಟ್ರ ಆಸೆ ಮಾತ್ರ ಇತ್ತು.

"ಹೂಂ," ಅಂದ ಇಂದುಧರ.

"ಮೇಷ್ಟ್ರನ್ನ ಯಾಕ್ರಪ್ಪ ಅಂತೀರಾ," ಅಂದಳು ಅಮ್ಮ. ವಾಕರನ್ನು ತಿರುಗಿಸಲು ನೋಡುತ್ತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಅವ್ರು ಕೇಳೇ ಹಾಕ್ಸಿರೋದು."

"ಯಾರ್ನ ಕೇಳಿದ್ರಂತೆ ಅಜ್ಜಿ, ಯಮಧರ್ಮನ್ನಾ?" ಅಂದ ಚನ್ನಬಸವಯ್ಯ, ಮತ್ತೆ ನಗೆ ಎದ್ದಿತು. ಅಮ್ಮನೂ ನಕ್ಕಳು. "ಯಾವ್ದಾದ್ರೂ ಒಂದಿನ ಬರೀಬೇಕಿತ್ತು ಬಿಡಿ. ಕೆಲಸ ಉಳೀತು," ಅಂದಳು. ಆಮೇಲೆ ಕೈ ಚಾಚಿ, "ಇಂದೂ, ಕೂರುಸ್ಲಾ," ಅಂದಳು. ಅವನು ಕಂಕುಳಿಗೆ ಕೈ ಕೊಟ್ಟು, ದಿನಾ ಮಂಚದಿಂದ ಎತ್ತಿ ಇಳಿಸುವ ಹಾಗೆಯೇ, ಮೆಲ್ಲಗೆ ಕೂರಿಸಿದ. ಅವಳ ಕೆನ್ನೆ ಒಂದು ಗಳಿಗೆ ಅವನ ಕೆನ್ನೆಗೆ ತಾಗಿತು. ಕೂತವಳ ಬೆನ್ನು ಬೆಂಚಿನ ಅಕ್ಷರಗಳನ್ನೆಲ್ಲ ಮುಚ್ಚಿತು. ಜನ ಮೈಸೂರುಪಾಕು ಹಂಚುವ ಕಡೆ ನಡೆದರು. ನಾಳೆಯೇ ಉಳಿ ತರಿಸಿ ಅದನ್ನು ತೆಗೆಸುತ್ತೇನೆ, ನನ್ನ ಕೈಯಿಂದಲೇ, ಎಂದು ಯಾರೂ ಕೇಳದಿದ್ದರೂ ಹೇಳುತ್ತ ಮೇಷ್ಟ್ರು ಛತ್ರಿ ಊರಿಕೊಂಡು ಗೇಟಿನ ಕಡೆ ಹೊರಟರು. ಬೋರ್ಡಿನ ಕೆಳಗೆ ಹಾದು ಹೋಗುವಾಗ ಅವರು ತಲೆಯೆತ್ತಲಿಲ್ಲ. ಅಮ್ಮ ಹೊಂಗೆ ಸಸಿಯ ಒಂದು ಎಲೆಯನ್ನು ಹಿಡಿದು ನೋಡುತ್ತಿದ್ದಳು. ಇಂದುಧರ ಪಕ್ಕದಲ್ಲಿ ನಿಂತೇ ಇದ್ದ. ಕೂರಲು ಜಾಗವಿತ್ತು.

ಗುರುವಾರ ಮೇಷ್ಟ್ರು ಕೇಳುವಷ್ಟರಲ್ಲಿ ಯಂತ್ರ ನಿಂತಿತ್ತು, ಪ್ರಶ್ನೆ ತನಗೆ ಪೂರ್ತಿಯಾಗಿ ಕೇಳಿಸಿತ್ತು ಎಂದು ಅವನು ಯಾರಿಗೂ ಹೇಳಲಿಲ್ಲ.